ದೊರೆಸಾನಿಯ ಜರಿಬಟ್ಟೆ: ಬಗ್ಗಿ ನಡೆಯುವ ಮನೆ

"ಬೂದಿಯಾದದ್ದನ್ನು ಎಲ್ಲಿ ಅಂತ ಹುಡುಕೋದು ಚಿಕ್ಕಮ್ಮ, ಉಳಿದಿರೋದು ಇಷ್ಟೇ," ಎನ್ನುತ್ತಾ ಸಬ್ ಇನ್ಸ್‌ಪೆಕ್ಟರ್ ಕಸ್ತೂರಿರಂಗ ಮೇಜಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿದ.

ಒಳಗೆ ಅಂಗೈಯಗಲದ ಕೆಂಪು ಮಖಮಲ್ಲಿನ ಚೂರು, ಅಂಚೆಲ್ಲ ಸುಟ್ಟದ್ದು. ಮೇಲೆ ಜರಿಯ ಬಳ್ಳಿ. ಪಕ್ಕದಲ್ಲಿ ಗೋಲಿಯಷ್ಟು ಗಾತ್ರದ, ಕರಗಿ ಗಟ್ಟಿಯಾದ ಲೋಹದ ಉಂಡೆ.

ರಂಗನಾಯಕಿ ಕುರ್ಚಿ ಎಳೆದುಕೊಂಡಳು. ಮದ್ದೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಹೊಲಿಗೆ ಕಲಿಸುತ್ತಿರುವವಳು ಅವಳು. ಬೇರೆಯವರು ಕಾಗದ ಓದುವಂತೆ ಅವಳು ಬಟ್ಟೆ ಓದುತ್ತಾಳೆ ಎಂದು ಊರಲ್ಲಿ ಮಾತು. ಅಕ್ಕನ ಮಗ ಪೊಲೀಸಾದ ಮೇಲೆ ಆ ಮಾತು ಠಾಣೆಗೂ ಬಂದಿತ್ತು.

"ಎಲ್ಲಿ ಸಿಕ್ಕಿತು?"

"ಮಾದಯ್ಯನ ಮನೆ ಒಲೇಲಿ. ಬೂದಿ ಕೆದಕಿದರೆ ಅಡಿಯಲ್ಲಿತ್ತು. ಹಳೇ ಜರಿ ಸೀರೆ ಕೊಳ್ಳೋರು ಏನು ಮಾಡ್ತಾರೆ? ಸುಡ್ತಾರೆ, ಬೆಳ್ಳಿ ತೆಗೀತಾರೆ. ಇವನೂ ಅದನ್ನೇ ಮಾಡಿದ. ಮುಗೀತು."

ಮುಗೀತು ಎಂದವನ ದನಿಯಲ್ಲಿ ಸಂತೋಷವಿರಲಿಲ್ಲ. ಮಳವಳ್ಳಿಯ ಮಿಸ್ ಥಾರ್ನ್‌ಬಿ, ಊರವರ ಬಾಯಲ್ಲಿ ತಾರಾಬಾಯಿ ದೊರೆಸಾನಿ, ತನ್ನ ಬಂಗಲೆಯ ಪ್ರಾರ್ಥನೆಯ ಕೋಣೆಯಲ್ಲಿ ಹಾಸಿಟ್ಟಿದ್ದ ಆರುನೂರು ವರ್ಷದ ಜರಿಬಟ್ಟೆ ಕಾಣೆಯಾಗಿ ಇವತ್ತಿಗೆ ಆರು ದಿನ. ಬಂಗಲೆಯ ಬಟ್ಲರ್ ಮಾದಯ್ಯ ಈಗ ಠಾಣೆಯ ಜಗುಲಿಯಲ್ಲಿ ಕೈಕೋಳ ತೊಟ್ಟು ಕೂತಿದ್ದ. ಮಳವಳ್ಳಿಯಿಂದ ಮೊದಲ ಬಸ್ಸಿಗೆ ಕರೆತಂದಿದ್ದರು; ಹತ್ತು ಗಂಟೆಯ ಬಸ್ಸಿಗೆ ಮಂಡ್ಯಕ್ಕೆ, ಮ್ಯಾಜಿಸ್ಟ್ರೇಟರ ಮುಂದಕ್ಕೆ. ಗೋಡೆಯ ಗಡಿಯಾರದಲ್ಲಿ ಎಂಟೂಕಾಲು.

ಬಾಗಿಲಲ್ಲಿ ಅವನ ಹೆಂಡತಿ ಚಿಕ್ಕಬೋರಮ್ಮ ನಿಂತಿದ್ದಳು. ಬಂಡೂರಿನವಳು. ಅಳುವುದನ್ನು ಬಸ್ಸಿನಲ್ಲೇ ಮುಗಿಸಿಕೊಂಡು ಬಂದಿದ್ದಳು.

"ಸಾಮಿ, ಆ ಬಟ್ಟೆ ಮುಟ್ಟೋಕ್ ಮುಂಚೆ ನನ್ ಗಂಡ ಸೋಪಾಕಿ ಕೈ ತೊಳ್ಕತಿದ್ದ. ನನ್ನ್ ಮುಟ್ಟೋಕ್ ಮುಂಚೆ ಒಂದ್ ದಿವ್ಸನಾರ ತೊಳ್ಕಂಡಿದ್ರೆ ಕೇಳಿ."

ಜಗುಲಿಯಿಂದ ಮಾದಯ್ಯನ ದನಿ ಬಂತು. "ಸುಮ್ಕಿರು ಬುಡಮ್ಮಿ. ಅದ್ನೆಲ್ಲ ಇಲ್ಲಿ ಯಾಕ್ ಏಳ್ತೀಯಾ."

"ಏಳ್ದೆ ಇನ್ನೇನ್ ಮಾಡ್ಲಿ? ನೀನ್ ಬಾಯ್ ಬುಡಲ್ಲ. ಕೋಳ ಆಕ್ದಾಗ್ಲೂ ಸರಿಯಾಗಿ ಆಕಿ ಅಂತ ಕೈ ನೀಡ್ದೋನು ನೀನು."

ಕಾನ್‌ಸ್ಟೇಬಲ್ ದೊಡ್ಡಸಿದ್ದಯ್ಯ ಮೀಸೆಯೊಳಗೇ ನಕ್ಕ.

ರಂಗನಾಯಕಿ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಂಭಾಗ ನೋಡಿದಳು. ತಿರುಗಿಸಿ ಹಿಂಭಾಗ ನೋಡಿದಳು. ಮತ್ತೆ ಮುಂಭಾಗ. ಆಮೇಲೆ ಚೂರನ್ನು ಮೇಜಿನ ಮೇಲೆ, ಹಳಸಿದ ಇಡ್ಲಿಯನ್ನು ಪಕ್ಕಕ್ಕಿಡುವ ಹಾಗೆ, ಇಟ್ಟಳು.

"ರಂಗ, ಹೋದ ವರ್ಷ ಆ ಬಟ್ಟೆಗೆ ಹೊಸ ಒಳಅರಿವೆ ಹೊಲಿದವಳು ನಾನು. ಹದಿನೆಂಟು ದಿನ ಅದರ ಬೆನ್ನು ನೋಡಿದ್ದೀನಿ. ಇದು ಅದಲ್ಲ."

"ಕೆಂಪು ಮಖಮಲ್ಲು, ಜರಿ. ಇನ್ನೇನು ಬೇಕು?"

"ಇಲ್ಲಿ ನೋಡು. ಜರಿ ಎಳೆಯನ್ನು ಹಾಸಿ, ಮೇಲಿಂದ ದಾರ ಹಾಕಿ ಕಟ್ಟಿದ್ದಾರೆ. ಕಟ್ಟಿದ ದಾರ ಮೇಲೇ ಕಾಣತ್ತೆ, ಮೂಟೆಗೆ ಹಗ್ಗ ಬಿಗಿದ ಹಾಗೆ. ನಮ್ಮ ಕಡೆ ಎಲ್ಲರೂ ಮಾಡೋದು ಹೀಗೇ. ದೊರೆಸಾನಿ ಬಟ್ಟೇಲಿ ಮುಂದೆ ಕಟ್ಟೇ ಕಾಣಲ್ಲ. ಒಂದೊಂದು ಹೊಲಿಗೆಗೂ ಚಿನ್ನದ ಎಳೆಯನ್ನ ಸಾಸಿವೆಯಷ್ಟು ಬೆನ್ನಿನ ಕಡೆಗೆ ಎಳ್ಕೊಂಡು, ಅಲ್ಲಿ ನಾರುದಾರಕ್ಕೆ ಸಿಕ್ಕಿಸಿದ್ದಾರೆ. ಎಷ್ಟು ಮಡಿಸಿದ್ರೂ ಮುರಿಯಲ್ಲ. ಬಾಗಿಲ ಕೀಲಿನ ಹಾಗೆ ಬಾಗತ್ತೆ. ಅದಕ್ಕೇ ಆರುನೂರು ವರ್ಷ ಬದುಕಿರೋದು."

ಕಸ್ತೂರಿರಂಗ ಚೂರನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಮೂಟೆಯ ಹಗ್ಗ ಈಗ ಅವನಿಗೂ ಕಂಡಿತು.

ರಂಗನಾಯಕಿ ಲೋಹದ ಉಂಡೆಯನ್ನು ಎತ್ತಿಕೊಂಡು ಹೊಸ್ತಿಲ ಕಲ್ಲಿಗೆ ಉಜ್ಜಿದಳು. ಕಲ್ಲಿನ ಮೇಲೆ ಕೆಂಪನೆಯ ಗೆರೆ ಎದ್ದಿತು.

"ತಾಮ್ರ. ಅಗ್ಗದ ಜರಿ. ಇದನ್ನು ಸುಟ್ಟವನಿಗೆ ಬೆಳ್ಳಿ ಬೇಕಾಗಿರಲಿಲ್ಲ ರಂಗ. ಬೂದಿ ಬೇಕಾಗಿತ್ತು."

ಜಗುಲಿಯಲ್ಲಿ ಕೋಳದ ಸರಪಳಿ ಸಣ್ಣಗೆ ಸದ್ದಾಯಿತು.

"ಹಾಗಾದರೆ ಈ ಚೂರು ಎಲ್ಲಿಯದು?"

"ಅದನ್ನೂ ಇದೇ ಹೇಳ್ತಿದೆ." ಅವಳು ಚೂರಿನ ಮಡಿಕೆಯನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಬೆಳ್ಳನೆಯ ಪುಡಿ ಮೆತ್ತಿತ್ತು. ಬೆರಳಿಗೆ ಹಚ್ಚಿದರೆ ಜಿಡ್ಡು. "ಸಫೇದ. ನಾಟಕದವರು ಮುಖಕ್ಕೆ ಬಳಿಯೋದು. ಇದು ಯಾವುದೋ ರಾಜನ ಪಾತ್ರದ ನಿಲುವಂಗಿಯ ಕೊರಳಪಟ್ಟಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹತ್ತಿರ ಕ್ಯಾಂಪ್ ಮಾಡಿದ್ದ ನಾಟಕ ಕಂಪನಿ ಮುಚ್ಚಿಹೋಯ್ತಲ್ಲ, ಅವರ ಟ್ರಂಕುಗಳು ಎಲ್ಲಿ ಹೋದವು?"

ಕಸ್ತೂರಿರಂಗ ದನಿ ತಗ್ಗಿಸಿದ.

"ಇದೇ ಊರಿಗೆ ಬಂದವು. ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ನಮ್ಮ ಯೋಗಾನರಸಿಂಹನಿಗೆ ಸ್ನೇಹಿತ. ಒಂದು ತಿಂಗಳು ಅವನ ಮನೆ ಹಜಾರದಲ್ಲೇ ಇದ್ದವು."

ಯೋಗಾನರಸಿಂಹ ದೊರೆಸಾನಿಯ ರೈಟರ್. ವಾರಕ್ಕೆ ನಾಲ್ಕು ದಿನ ಮಳವಳ್ಳಿಗೆ ಹೋಗಿ ಆಕೆಯ ಕಾಗದಪತ್ರ ಬರೆಯುವವನು, ಬಂದ ಕಾಗದ ಒಡೆದು ಓದಿ ಹೇಳುವವನು. ತಾಯಿ ಪದ್ಮಮ್ಮನೊಂದಿಗೆ ಮದ್ದೂರಿನ ಅಗ್ರಹಾರದಲ್ಲಿ ವಾಸ. ಹಣೆಯ ನಾಮ ಒಂದು ದಿನ ಸೊಟ್ಟಗಾದದ್ದನ್ನು ಯಾರೂ ನೋಡಿಲ್ಲ.

"ಅವನ ಮೇಲೆ ನನಗೂ ಅನುಮಾನ ಇತ್ತು ಚಿಕ್ಕಮ್ಮ. ಎರಡು ಸಲ ಮನೆ ಜಾಲಾಡಿದ್ದೀನಿ. ಪಣತದ ಭತ್ತ ಸುರಿಸಿದೆ, ಹಾಸಿಗೆ ಬಿಚ್ಚಿಸಿದೆ, ಅಟ್ಟ ಹತ್ತಿದೆ, ಬಾವಿಗೆ ಪಾತಾಳಗರಡಿ ಬಿಟ್ಟೆ. ಪದ್ಮಮ್ಮನವರ ಕೈಲಿ ಬೈಸಿಕೊಂಡದ್ದು ಬಿಟ್ಟರೆ ಏನೂ ಸಿಗಲಿಲ್ಲ. 'ಗಳು ಇದೆ, ಬಗ್ಗಿ ನಡೀರೋ' ಅಂತ ಒಂದೇ ಸಮ ಕೂಗಾಟ. ಬಗ್ಗಿ ಬಗ್ಗಿ ನಮ್ಮ ದೊಡ್ಡಸಿದ್ದಯ್ಯನ ಸೊಂಟ ಹಿಡೀತು."

"ಬಗ್ಗಿದಿರಿ. ಸರಿ. ಮೇಲಕ್ಕೆ ನೋಡಿದಿರಾ?"

"ಮಡಿ ಗಳು ಚಿಕ್ಕಮ್ಮ ಅದು. ಅದನ್ನ ಯಾರು ಮುಟ್ತಾರೆ?"

ಅಂದವನು ಬಾಯಿ ತೆರೆದಂತೆಯೇ ನಿಂತ.

ಅಗ್ರಹಾರದ ಮನೆಗಳಲ್ಲಿ ಒಳಹಜಾರದ ಸೂರಿಗೆ ಎರಡು ಹಗ್ಗ ಇಳಿಬಿಟ್ಟು ಒಂದು ಬಿದಿರು ಗಳು ತೂಗುಹಾಕಿರುತ್ತಾರೆ. ಸ್ನಾನ ಮಾಡಿ ಒಗೆದು ಹಿಂಡಿದ ಮಡಿಬಟ್ಟೆ ಅದರ ಮೇಲೆ. ಹಾಕುವುದೂ ಕೋಲಿನಲ್ಲಿ, ತೆಗೆಯುವುದೂ ಕೋಲಿನಲ್ಲಿ, ಅದೂ ಮಿಂದು ಒದ್ದೆಯಲ್ಲಿ ಇರುವವರು ಮಾತ್ರ. ಉಳಿದವರು ಅದರ ಕೆಳಗೆ ಬರುವಾಗ ತಲೆ ತಾನಾಗಿ ಬಗ್ಗುತ್ತದೆ.

"ಚಿಕ್ಕವನಿದ್ದಾಗ ಗಳು ಮುಟ್ಟಿದ್ದಕ್ಕೆ ಅಮ್ಮ ಅದೇ ಕೋಲಲ್ಲಿ ಬಾರಿಸಿದ್ದಳು," ಎಂದ ಕಸ್ತೂರಿರಂಗ, ಮೊಣಕೈ ಸವರಿಕೊಳ್ಳುತ್ತಾ.

"ಅದೇ ಏಟು ಅವನಿಗೂ ಬಿದ್ದಿರತ್ತೆ. ಅದಕ್ಕೇ ಅವನಿಗೆ ಆ ಜಾಗ ನೆನಪಾಗಿದ್ದು. ನೀನು ಬಂದು ಅವರ ಮನೆ ಜಗುಲಿ ಮೇಲೆ ಕೂತಿರು. ನಾನು ಕರೆಯೋವರೆಗೂ ಒಳಗೆ ಬರಬೇಡ."

ಚಿಕ್ಕಬೋರಮ್ಮ ಅಡ್ಡ ಬಂದಳು. "ಅವ್ವಾ, ಅತ್ತು ಗಂಟೆಗೆ ಬಸ್ಸು."

"ಗೊತ್ತು ಕಣಮ್ಮ. ನಿನ್ನ ಗಂಡನಿಗೆ ಕಾಫಿ ಕುಡಿಸು. ಅಷ್ಟರಲ್ಲಿ ಬರ್ತೀನಿ."

---

ಪದ್ಮಮ್ಮ ಹಿತ್ತಲಿನ ಬಾವಿಕಟ್ಟೆಯಲ್ಲಿ ಕೂತು ಎಡಗೈಯಿಂದ ಬಲಭುಜ ನೀವಿಕೊಳ್ಳುತ್ತಿದ್ದಳು.

"ಏನೇ ರಂಗನಾಯಕಿ, ಸ್ಕೂಲಿಗೆ ರಜವಾ? ಇಲ್ಲ, ನಿಮ್ಮಕ್ಕನ ಮಗ ಮೂರನೇ ಸಲ ನಮ್ಮ ಮನೆ ಗುಡಿಸೋಕೆ ಬರ್ತಾನೆ ಅಂತ ಹೇಳೋಕೆ ಬಂದೆಯಾ?"

"ನಿಮ್ಮ ಭುಜ ಊದಿದೆ ಅಂತ ಕೇಳಿದೆ. ಸೊಸೆಯೂ ತೌರಲ್ಲಿ. ಬಾವೀಲಿ ಎರಡು ಕೊಡ ಸುರ್ಕೊಂಡು ಮಡೀಲಿ ಗಳುವಿನ ಬಟ್ಟೆ ಇಳಿಸಿಕೊಟ್ಟು ಹೋಗೋಣ ಅಂತ ಬಂದೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೂ ಮುದುಕಿಯ ಮುಖ ಅರಳಿದ್ದನ್ನು ನೋಡಿ ರಂಗನಾಯಕಿಗೆ ಒಳಗೆ ಸಣ್ಣ ಮುಳ್ಳು ಚುಚ್ಚಿತು.

"ನಿನ್ನ ಹೊಟ್ಟೆ ತಣ್ಣಗಿರಲಿ ಕಣೇ. ಆದರೆ ಅದಕ್ಕೀಗ ನನ್ನ ಮಗ ಇದ್ದಾನೆ. ನಗಬೇಡ, ನಿಜ. ಒಂದು ಚೊಂಬು ನೀರು ಎತ್ತಿಕೊಡದವನು, ಆರು ದಿನದಿಂದ ತಾನೇ ಮಿಂದು ಬಂದು ಕೋಲು ಹಿಡೀತಾನೆ. 'ನೀನು ಗಳುವಿನ ತಂಟೆಗೆ ಬರಬೇಡಮ್ಮ, ಭುಜ ನೋಯತ್ತೆ' ಅಂತಾನೆ. ನನ್ನ ಭುಜ ನೋಯ್ತಿರೋದು ಮೂರು ವರ್ಷದಿಂದ."

"ಮಗನಿಗೆ ಈಗ ಗೊತ್ತಾಯ್ತೋ ಏನೋ."

"ಹೂಂ. ಒಂಬತ್ತು ತಿಂಗಳು ತುಂಬಿದ ಮೇಲೆ ಹೆಂಡತಿ ಬಸುರಿ ಅಂತ ಗೊತ್ತಾದವನು ಅವನು."

ರಂಗನಾಯಕಿ ನಗುತ್ತಲೇ ಹಗ್ಗ ಎಳೆದಳು. ಉಟ್ಟ ಸೀರೆಯ ಮೇಲೇ ಎರಡು ಕೊಡ ಸುರಿದುಕೊಂಡಳು. ಮೈ ನಡುಗಿತು. ಒದ್ದೆ ಸೆರಗನ್ನು ಸೊಂಟಕ್ಕೆ ಬಿಗಿದು, ತಲೆ ಬಗ್ಗಿಸದೆ ಒಳಹಜಾರಕ್ಕೆ ನಡೆದಳು. ಈಗ ಆ ಮನೆಯಲ್ಲಿ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅವಳು ಮಾತ್ರ ಏನು ಬೇಕಾದರೂ ಮುಟ್ಟಬಹುದಿತ್ತು. ಹದಿನಾರು ವರ್ಷದ ಪಾಠ, ಪೊಲೀಸರ ಲಾಠಿ, ಯಾವುದೂ ಕೊಡದ ಅಧಿಕಾರವನ್ನು ಎರಡು ಕೊಡ ನೀರು ಕೊಟ್ಟಿತ್ತು.

ಗಳುವಿನ ಮೇಲೆ ಪದ್ಮಮ್ಮನ ಕಂದು ಪಟ್ಟೆಸೀರೆ. ಮಗ ಪೂಜೆಗೆ ಉಡುವ ರೇಷ್ಮೆ ಮಗುಟ. ಎರಡು ಪಂಚೆ. ಗೋಡೆಯ ಕಡೆ ಕೊನೆಯಲ್ಲಿ, ಹಳೆಯ ಹಸಿರು ಪಟ್ಟೆಸೀರೆಯೊಂದು ನಾಲ್ಕಾಗಿ ಮಡಚಿದ್ದು.

ಒಗೆದ ಬಟ್ಟೆ ಗಳುವಿನ ಮೇಲೆ ತೂಗುತ್ತದೆ. ಹಸಿರು ಸೀರೆ ತೂಗುತ್ತಿರಲಿಲ್ಲ, ಕೂತಿತ್ತು. ಬಿದಿರು ಆ ಕಡೆಗೆ ನಾಲ್ಕು ಬೆರಳು ವಾಲಿತ್ತು. ಈ ವಾಲಿದ ಬಿದಿರಿನ ಕೆಳಗೇ ಎರಡು ಸಲ ಪೊಲೀಸರು ಸೊಂಟ ಬಗ್ಗಿಸಿ ಹೋಗಿದ್ದರು.

ಅವಳು ಮೂಲೆಯ ಕೋಲು ತೆಗೆದುಕೊಂಡಳು.

"ಅದನ್ನ ಮುಟ್ಟಬೇಡಿ."

ದೇವರ ಮನೆಯ ಬಾಗಿಲಲ್ಲಿ ಯೋಗಾನರಸಿಂಹ. ಕೈಯಲ್ಲಿ ಪಂಚಪಾತ್ರೆ, ಹಣೆಯ ಮೇಲೆ ಆಗ ತಾನೇ ಇಟ್ಟ ನಾಮ, ಇನ್ನೂ ಒಣಗಿರಲಿಲ್ಲ.

"ಯಾಕಪ್ಪ? ನಾನು ಮಡೀಲಿದ್ದೀನಿ."

"ಇರಬಹುದು. ಅದು ಮಠದಿಂದ ಬಂದ ಶಾಲು. ಹೆಂಗಸರು ಮುಟ್ಟೋ ಹಾಗಿಲ್ಲ."

ಹಿತ್ತಲ ಬಾಗಿಲಲ್ಲಿ ಪದ್ಮಮ್ಮ ಬಂದು ನಿಂತಿದ್ದಳು. "ಯಾವ ಮಠವೋ? ನನ್ನ ಹತ್ತಿರ ನಿನ್ನ ಮಾವನ ಮನೆಯವರು ಕೊಟ್ಟ ಕಾಶಿ ಮಡಿ ಅಂದೆ."

"ಅಮ್ಮ, ನೀನು ಒಳಗೆ ಹೋಗು."

"ಇದೇ ಒಳಗು. ಇನ್ನೆಲ್ಲಿಗೆ ಹೋಗಲಿ?"

ರಂಗನಾಯಕಿ ಕೋಲಿನ ತುದಿಯನ್ನು ಹಸಿರು ಸೀರೆಯ ಮಡಿಕೆಯೊಳಗೆ ತೂರಿಸಿದಳು. ಯೋಗಾನರಸಿಂಹ ಎರಡು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಪರರ ಹೆಂಡತಿ, ಒದ್ದೆ ಸೀರೆ, ಎದುರಿಗೆ ತಾಯಿ. ಕೈ ಮುಂದೆ ಬರಲಿಲ್ಲ.

"ಮಾತು ಕೇಳಿ," ಎಂದ, ಈಗ ಮೆತ್ತಗೆ. "ನೀವು ತಿಳಿದವರು. ಈ ವಯಸ್ಸಿನಲ್ಲಿ ಅಮ್ಮನಿಗೆ ಇದನ್ನ ತೋರಿಸಬೇಡಿ. ಸಾಯಂಕಾಲ ನಾನೇ ನಿಮ್ಮ ಮನೆಗೆ ಬರ್ತೀನಿ."

"ಸಾಯಂಕಾಲಕ್ಕೆ ಮಾದಯ್ಯ ಜೈಲಲ್ಲಿರ್ತಾನಪ್ಪ. ಬಸ್ಸು ಹತ್ತಕ್ಕೆ."

"ಒಬ್ಬ ಬಟ್ಲರ್. ಆರು ತಿಂಗಳು ಆಗಬಹುದು. ಅವನಿಗೆ ಹೊಲ ಇಲ್ಲ, ಮನೆತನ ಇಲ್ಲ. ಏನು ಮುಳುಗಿಹೋಗತ್ತೆ?"

ಅವಳು ಕೋಲನ್ನು ಎಳೆದಳು.

ಸೀರೆ ಜಾರಿತು. ಅದರೊಳಗಿನ ಪಂಚೆ ಬಿಚ್ಚಿಕೊಂಡಿತು. ಪಂಚೆಯೊಳಗಿಂದ ಕೆಂಪು ಮಖಮಲ್ಲು ನೆಲಕ್ಕೆ ಉರುಳಿ, ಬಾಗಿಲಿನಿಂದ ದೇವರ ಮನೆಯವರೆಗೂ ಹಾಸಿಕೊಂಡಿತು.

ಗವಾಕ್ಷಿಯ ಬಿಸಿಲು ನೇರವಾಗಿ ಅದರ ಮೇಲೆ ಬಿತ್ತು. ಚಿನ್ನದ ಕಂಬ, ಚಿನ್ನದ ಕಮಾನು, ಒಂದೊಂದು ಕಮಾನಿನಡಿ ಒಬ್ಬೊಬ್ಬ ಸಂತ. ಕೆಲವರಿಗೆ ಪಾದ ಇಲ್ಲ, ಒಬ್ಬನಿಗೆ ಅರ್ಧ ತಲೆ ಇಲ್ಲ. ಎಂದೋ ಯಾರೋ ಕತ್ತರಿ ಹಾಕಿದ ಗುರುತು. ನಡುವೆ ರೆಕ್ಕೆಯಿದ್ದ ದೇವದೂತನೊಬ್ಬ ಕುದುರೆಯ ಮೇಲೆ ಕೂತು ತಂತಿವಾದ್ಯ ನುಡಿಸುತ್ತಿದ್ದ. ನೀಲಿ ನಿಲುವಂಗಿ.

"ಅಯ್ಯೋ, ಗಂಧರ್ವ," ಎಂದಳು ಪದ್ಮಮ್ಮ, ತನಗೆ ತಾನೇ.

ರಂಗನಾಯಕಿ ಎಣಿಸಿದಳು. ಆರು ಸಂತರು, ಒಬ್ಬ ದೇವದೂತ. ಏಳೂ ಇದ್ದರು. ಒಂದು ಮೂಲೆ ತಿರುಗಿಸಿದಳು. ತಾನೇ ಹಾಕಿದ ಒಳಅರಿವೆ, ಅದನ್ನು ಎತ್ತಿದರೆ ಕೆಳಗೆ ಬೆನ್ನಿನ ಮೇಲೆ ಸಾಸಿವೆ ಸಾಲು, ಚಿನ್ನದ ಸಣ್ಣ ಸಣ್ಣ ಕುಣಿಕೆ. ಎದೆ ತುಂಬಿ ಬಂತು.

"ರಂಗ, ಬಾ."

ಕಸ್ತೂರಿರಂಗ ಹೊಸ್ತಿಲಲ್ಲಿ ಬೂಟು ಬಿಚ್ಚಿ ನಿಂತು ಪದ್ಮಮ್ಮನ ಮುಖ ನೋಡಿದ. "ಒಳಗೆ ಬರಬಹುದಾ ಅಮ್ಮ?"

"ಇನ್ನೇನು ಉಳಿದಿದೆಯಪ್ಪ. ಬಾ. ಬಗ್ಗಬೇಡ."

ಬಂದ. ಗಳುವಿನ ಹತ್ತಿರ ಬಂದಾಗ ಮಾತ್ರ ಕತ್ತು ಕೇಳಲಿಲ್ಲ, ಬಗ್ಗಿತು.

ಪದ್ಮಮ್ಮ ರಂಗನಾಯಕಿಯ ಕಡೆ ತಿರುಗಿದಳು. "ಇದು ಏನು ಬಟ್ಟೆ? ನಿಜ ಹೇಳು. ನನ್ನ ಗಳುವಿನ ಮೇಲೆ ಆರು ದಿನ ಏನಿತ್ತು?"

ಇದೇ ಪ್ರಶ್ನೆಗೆ ರಂಗನಾಯಕಿ ಹೆದರಿದ್ದಳು. ಆದರೆ ಆ ಮುದುಕಿಗೆ ಅರ್ಧ ಸತ್ಯ ಹೇಳುವುದು ಇನ್ನೂ ದೊಡ್ಡ ಅವಮಾನ.

"ಮೊದಲು ಇದು ಅವರ ಪೂಜಾರಿಯೊಬ್ಬರು ಹಬ್ಬದ ದಿನ ಹೊದ್ದುಕೊಳ್ಳೋ ದೊಡ್ಡ ಹೊದಿಕೆ. ಅವರ ರಾಜನೊಬ್ಬ ಮಠಗಳನ್ನೆಲ್ಲ ಮುಚ್ಚಿಸಿದಾಗ ದೊರೆಸಾನಿಯ ವಂಶದವರ ಕೈಗೆ ಬಂತು. ಅವರು ಕತ್ತರಿಸಿ ಮಂಚಕ್ಕೆ ಪರದೆ ಮಾಡಿದರು. ಆಮೇಲೆ ಅದೇ ಪರದೆ ಕತ್ತರಿಸಿ ಮೇಜಿಗೆ ಹಾಸು. ಆಮೇಲೆ ಊರಿನ ಚರ್ಚಿಗೆ ಕೊಟ್ಟರು." ಒಂದು ಉಸಿರು ತೆಗೆದುಕೊಂಡಳು. "ಅಲ್ಲಿ ಇನ್ನೂರು ವರ್ಷ, ಯಾರು ಸತ್ತರೂ ಶವಪೆಟ್ಟಿಗೆ ಮೇಲೆ ಇದನ್ನೇ ಹೊದಿಸ್ತಿದ್ದರು. ದೊಡ್ಡವರಿಗೂ ಇದೇ, ಕೂಲಿಯವರಿಗೂ ಇದೇ. ದೊರೆಸಾನಿಯ ತಾಯಿಗೂ ಇದೇ."

ಯೋಗಾನರಸಿಂಹ ಕಣ್ಣು ಮುಚ್ಚಿಕೊಂಡ.

ಪದ್ಮಮ್ಮ ಗಳುವನ್ನು ನೋಡಿದಳು. ಅದೇ ಗಳುವಿನಿಂದ ಇಳಿದ ಸೀರೆ ಉಟ್ಟು ಆರು ದಿನ ಅಡಿಗೆ ಮಾಡಿದ್ದಳು, ದೇವರಿಗೆ ನೈವೇದ್ಯ ಇಟ್ಟಿದ್ದಳು, ಗಂಡನ ತಿಥಿಯನ್ನೂ ಮಾಡಿಸಿದ್ದಳು. ಅವಳ ತುಟಿ ಒಂದೊಂದಾಗಿ ಅದನ್ನೆಲ್ಲ ಲೆಕ್ಕ ಹಾಕಿತು.

ಆಮೇಲೆ ಮಗನನ್ನು ನೋಡಿದಳು.

"ಆ ಮಾದಯ್ಯನ ಒಲೆಗೆ ಬೂದಿ ಹಾಕಿದವನು ನೀನೇನಾ?"

"ಅಮ್ಮ, ಲಂಡನ್ನಿನಿಂದ ವ್ಯಾಪಾರಿಯೊಬ್ಬ ಈ ಬಟ್ಟೆಗೆ ಬೆಲೆ ಕಟ್ಟಿ ಕಾಗದ ಬರೆದಿದ್ದ. ಒಂದೇ ಒಂದು ಸಲ..."

"ನಾನು ಕೇಳಿದ್ದು ಕಾಗದ ಅಲ್ಲ. ಒಲೆ."

ಅವನು ತಲೆ ತಗ್ಗಿಸಿದ. ಹೌದು ಎನ್ನುವುದಕ್ಕೆ ಅಷ್ಟು ಸಾಕಾಯಿತು.

"ಶವದ ಬಟ್ಟೆ ಮುಟ್ಟಿದ ಮೈಲಿಗೆಗೆ ಸ್ನಾನ ಇದೆ, ಪುಣ್ಯಾಹ ಇದೆ, ನಾಳೆ ನಾನು ಪುರೋಹಿತರನ್ನ ಕರೆಸ್ತೀನಿ," ಎಂದಳು ಪದ್ಮಮ್ಮ. "ಇನ್ನೊಬ್ಬನ ಹೆಂಡತಿ ಅಡಿಗೆ ಮಾಡೋ ಒಲೇಲಿ ಸುಳ್ಳು ಹುದುಗಿಸಿ, ಅವನ ಕೈಗೆ ಬೇಡಿ ಹಾಕಿಸಿ, ಇಲ್ಲಿ ಬಂದು ನಾಮ ಇಟ್ಕೊಂಡು ಕೂತೆಯಲ್ಲ. ಅದಕ್ಕೆ ಯಾವ ನೀರು ಹಾಕಲಿ ಹೇಳು."

ಕಸ್ತೂರಿರಂಗ ಹೊರಗೆ ಹೋಗಿ, "ದೊಡ್ಡಸಿದ್ದಯ್ಯ, ಓಡು. ಮಾದಯ್ಯನನ್ನ ಇಲ್ಲಿಗೇ ಕರ್ಕೊಂಡು ಬಾ," ಎಂದ.

---

ಒಂಬತ್ತೂವರೆಗೆ ಅಗ್ರಹಾರದ ಬೀದಿ ತುಂಬಿತ್ತು. ಪೇಟೆಯಿಂದ ವಡೆ ಅಂಗಡಿಯವನು ಎಣ್ಣೆ ಬಾಂಡಲೆ ಬಿಟ್ಟು ಬಂದಿದ್ದ. ಎದುರು ಮನೆಯ ಯಶೋದಮ್ಮ ಕಿಟಕಿಯಲ್ಲಿ ನಿಂತು, ಕಾಣದವರಿಗೆಲ್ಲ ಕಂಡದ್ದನ್ನೂ ಕಾಣದ್ದನ್ನೂ ಹೇಳುತ್ತಿದ್ದಳು.

ಮಾದಯ್ಯ ಜಗುಲಿಯ ಕೆಳಗೆ ನಿಂತ. ತೆರೆದ ಬಾಗಿಲಿನಿಂದ ಒಳಗೆ ಹಾಸಿದ್ದ ಕೆಂಪು ಬಟ್ಟೆ ಅವನಿಗೆ ಕಂಡಿತು. ಮೊದಲು ತನ್ನ ಕೈ ನೋಡಿಕೊಂಡ.

"ನೆಲದ ಮ್ಯಾಲ್ ಆಕವ್ರಲ್ಲಾ," ಎಂದ, ನೋವಿನಿಂದ. "ಅಡೀಗೆ ಒಂದ್ ದುಪ್ಟಿನಾರ ಆಸ್ಬಾರ್ದಾ?"

ಜನ ನಕ್ಕರು. ಕಸ್ತೂರಿರಂಗನೂ ನಕ್ಕ. ನಗುತ್ತಲೇ ಜೇಬಿನಿಂದ ಬೀಗದ ಕೈ ತೆಗೆದು, ಇಡೀ ಬೀದಿ ನೋಡುವಂತೆ ಮೆಟ್ಟಿಲ ಮೇಲೆ ನಿಂತು ಕೋಳ ಬಿಚ್ಚಿದ.

"ನನ್ನದು ತಪ್ಪಾಯ್ತು ಮಾದಯ್ಯ. ಮ್ಯಾಜಿಸ್ಟ್ರೇಟರಿಗೂ ಹಾಗೇ ಬರೆದು ಕಳಿಸ್ತೀನಿ."

ಚಿಕ್ಕಬೋರಮ್ಮ ಗಂಡನ ಮಣಿಕಟ್ಟು ಹಿಡಿದು ಕೋಳ ಕೊರೆದ ಗುರುತನ್ನು ಸೆರಗಿನಿಂದ ಒರೆಸಿದಳು. ಒರೆಸಿ, ಅವನ ಕೈಯನ್ನು ಬಿಡದೆ ಬೀದಿಯ ಕಡೆ ತಿರುಗಿದಳು.

"ನೋಡ್ಕಳ್ರಪ್ಪ ಎಲ್ರೂ. ಕಳ್ಳ ಕಳ್ಳ ಅಂತ ಬಸ್ಸಲ್ಲಿ ಕಾಲ್ ಎಳ್ಕಂಡ್ ಕೂತ್ರಲ್ಲ, ವಾಪಸ್ ಓಗೋವಾಗ ಇದೇ ಬಸ್ಸಲ್ಲೇ ಓಯ್ತೀವಿ. ಮುಂದ್ಗಡೆ ಸೀಟಲ್ಲಿ."

"ಮುಂದಿನ ಸೀಟು ನನ್ನದು, ಕೂತ್ಕೊ ತಾಯಿ," ಎಂದ ಗುಂಪಿನಲ್ಲಿ ನಿಂತಿದ್ದ ಬಸ್ಸಿನ ಡ್ರೈವರು. "ನಾನು ನಿಂತ್ಕೊಂಡು ಓಡಿಸ್ತೀನಿ."

ಆ ನಗು ಶಿಂಷೆಯ ಸೇತುವೆಯವರೆಗೂ ಕೇಳಿಸಿರಬೇಕು. ರಂಗನಾಯಕಿ ಒದ್ದೆ ಸೀರೆಯಲ್ಲಿ ನಡುಗುತ್ತಾ ಬಾಗಿಲ ಮರೆಯಲ್ಲಿ ನಿಂತು ಅದನ್ನು ಕೇಳಿದಳು. ಹದಿನಾರು ವರ್ಷ ಕಾಜಾ ಹೊಲಿಸಿ, ಗುಂಡಿ ಹಾಕಿಸಿ, ಅಡ್ಡಹೊಲಿಗೆ ಬಿಚ್ಚಿಸಿ ಕಳೆದದ್ದು ಇವತ್ತು ಒಬ್ಬ ಮನುಷ್ಯನ ಎರಡು ಕೈಗಳನ್ನು ಬಿಡಿಸಿತ್ತು. ಚಳಿ ಗೊತ್ತಾಗಲಿಲ್ಲ.

ಒಳಗೆ ಪಂಚನಾಮೆ ನಡೆಯಿತು. ಯೋಗಾನರಸಿಂಹ ಕಂಬಕ್ಕೊರಗಿ ಕೂತು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಬಂಗಲೆಯಿಂದ ತಾನೇ ತಂದದ್ದು ಹೌದು. ತಂದ ಬಟ್ಟೆಯನ್ನು ಮೊದಲು ಟ್ರಂಕಿನಲ್ಲಿಟ್ಟು, ಆಮೇಲೆ ಗಳುವಿಗೆ ಏರಿಸಿದ್ದು ಹೌದು. ಬಿಚ್ಚಿ ನೋಡಿದ್ದು ಇಲ್ಲ. ಬೇರೆಯವರಿಗೆ ತೋರಿಸಿದ್ದೂ ಇಲ್ಲ. ಕಸ್ತೂರಿರಂಗ ಎಲ್ಲ ಬರೆದುಕೊಂಡು, ಕೆಳಗೆ ಗೆರೆ ಎಳೆದು ಪೆನ್ನಿನ ಟೋಪಿ ಹಾಕಿದ.

"ಆಯ್ತೇನಪ್ಪ?" ಪದ್ಮಮ್ಮ ತಾಮ್ರದ ಬಿಂದಿಗೆ ಹಿಡಿದು ಬಂದಿದ್ದಳು, ನೋಯುವ ಭುಜದಲ್ಲೇ. "ಎಲ್ಲರೂ ಏಳಿ. ಈ ಹಜಾರಕ್ಕೆ ನೀರು ಹಾಕದೆ ನಾನು ಒಲೆ ಹಚ್ಚಲ್ಲ."

"ಸ್ವ‍ಲ್ಪ ತಾಳಿ ಪದ್ಮಮ್ಮ, ಬಟ್ಟೆ ಮಡಿಸಿಕೊಂಡು ಬಿಡ್ತೀನಿ."

"ಆರು ದಿನ ತಾಳಿದ್ದೀನಿ ಕಣೇ. ಸರಿ ಅತ್ಲಾಗೆ."

ಬಿಂದಿಗೆ ಓರೆಯಾಯಿತು. ನೀರು ನೆಲಕ್ಕೆ ಬಡಿದು ಸಿಡಿಯಿತು. ಬಟ್ಟೆಯನ್ನು ಎದೆಗೆ ಎಳೆದುಕೊಳ್ಳುವಷ್ಟರಲ್ಲಿ ನಾಲ್ಕಾರು ಹನಿ ಅದರ ಮೇಲೆ ಬಿದ್ದಿದ್ದವು. ಎರಡು ಹನಿ ಮೊದಲ ಸಂತನ ನೀಲಿ ಅಂಗಿಯ ಮೇಲೆ. ಅವು ಹಾಗೇ ಇಂಗಿದವು, ಬಣ್ಣ ಮಿಸುಕಲಿಲ್ಲ. ಒಂದು ಹನಿ ಕುದುರೆ ಏರಿದ ದೇವದೂತನ ನೀಲಿಯ ಮೇಲೆ.

ಅದು ಅಲ್ಲಿ ನಿಲ್ಲಲಿಲ್ಲ. ನೀಲಿ ಕರಗಿ, ಚಿನ್ನದ ಎಳೆಗಳ ನಡುವೆ ದಾರಿ ಮಾಡಿಕೊಂಡು, ಕುದುರೆಯ ಬಿಳಿ ಕಾಲಿನುದ್ದಕ್ಕೂ ಇಳಿದು, ರಂಗನಾಯಕಿಯ ಹೆಬ್ಬೆರಳಿಗೆ ಅಂಟಿತು. ಆರುನೂರು ವರ್ಷದ ಬಣ್ಣ ಹೀಗೆ ಬಿಡುವುದಿಲ್ಲ. ಇದು ಇತ್ತೀಚೆಗೆ ಅದ್ದಿದ್ದು.

ಅವಳು ಒಳಅರಿವೆಯ ಅಂಚು ಹರಿದು ಅಲ್ಲಿನ ಬೆನ್ನು ನೋಡಿದಳು. ಸಾಸಿವೆ ಸಾಲು ಅಲ್ಲಿಯೂ ಇತ್ತು, ಚಿನ್ನದ ಕುಣಿಕೆ ಒಂದೂ ತಪ್ಪದೆ. ನಾರುದಾರ ಮಾತ್ರ ಹೊಚ್ಚಹೊಸದು. ಹೋದ ವರ್ಷ ಅವಳು ಒಳಅರಿವೆ ಹಾಕಿದ ಮೇಲೆ, ಯಾರೋ ಹಳೆಯ ದೇವದೂತನನ್ನು ಬಿಡಿಸಿ ತೆಗೆದು, ಅದೇ ಹೊಲಿಗೆಯಲ್ಲಿ ಹೊಸಬನನ್ನು ಕೂರಿಸಿದ್ದರು.

ತಲೆ ಎತ್ತಿದಾಗ ಕಂಬಕ್ಕೊರಗಿದ್ದ ಯೋಗಾನರಸಿಂಹ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಅವಳಿಗಿಂತ ಹೆಚ್ಚಿನ ಬೆರಗಿತ್ತು. ಕದ್ದವನಿಗೂ ಇದು ಗೊತ್ತಿರಲಿಲ್ಲ.